‘ಖಾಲಿ’ ಎಂಬ ಪದದ ಮೇಲೆ ನನ್ನ ತಕರಾರು



ನಮ್ಮನ್ನು ಅತಿ ಸುಲಭವಾಗಿ ಮೋಸಗೊಳಿಸುವ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಖಾಲಿ’ ಎಂಬ ಪದವನ್ನೇ ಹೇಳುತ್ತೇನೆ. ಅರಬ್ಬಿಯಿಂದ ಬಂದು ನಮ್ಮ ಮನೆಯವನೇ ಆಗಿಹೋದ ಈ ಪದದ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಜೇಬು ಖಾಲಿ ಎಂದರೆ ಖಾಲಿಯೇ. ಆದರೆ ರಸಾಯನಶಾಸ್ತ್ರದ ಪ್ರಯೋಗಶಾಲೆಯೊಳಗೆ ಕಾಲಿಟ್ಟ ಕೂಡಲೇ ಈ ಪದ ಸುಳ್ಳಾಗಿಬಿಡುತ್ತದೆ. ಅಲ್ಲಿ ಖಾಲಿ ಬಾಟಲಿ ಎಂಬುದೇ ಇಲ್ಲ. ತೊಳೆದ ಬಾಟಲಿ ಮತ್ತು ತೊಳೆಯದ ಬಾಟಲಿ ಎಂಬ ಎರಡೇ ಜಾತಿಗಳಿವೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಿಮ್ಮಲ್ಲೊಬ್ಬರು, ಇಂದು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿರುವವರು, ಇತ್ತೀಚೆಗೆ ದೂರವಾಣಿಯಲ್ಲಿ ಮಾತನಾಡುತ್ತಾ, ತಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆಯಿಂದ ಬಿದ್ದಿದ್ದ ಖಾಲಿ ಬಾಟಲಿ, ಜಾಡಿ, ಕ್ಯಾನುಗಳನ್ನೆಲ್ಲ ಗುಜರಿಗೆ ಹಾಕಿ, ಬಂದ ಹಣದಲ್ಲಿ ಎರಡು ಗೋಡೆ ಗಡಿಯಾರಗಳನ್ನು ಕೊಂಡ ಸಂಗತಿಯನ್ನು ಸಂತೋಷದಿಂದ ತಿಳಿಸಿದರು. ‘ತೊಳೆಸಿದಿರಾ?’ ಎಂದು ಕೇಳಿದೆ. ‘ಖಾಲಿ ಇದ್ದವು ಸಾರ್, ತೊಳೆಯುವುದೇನು?’ ಎಂದರು. ಅವರು ಜಾಣರು, ಪ್ರಾಮಾಣಿಕರು, ಶಾಲೆಯ ಒಂದು ಪೈಸೆಯನ್ನೂ ಮುಟ್ಟದವರು. ಅಂಥವರೇ ಹೀಗೆನ್ನುವುದಾದರೆ ದೋಷ ಒಬ್ಬ ವ್ಯಕ್ತಿಯದಲ್ಲ, ಒಂದು ನಂಬಿಕೆಯದು. ಆ ನಂಬಿಕೆಯ ಮೇಲೆಯೇ ನನ್ನ ಜಗಳ.

ಮೊದಲು ಮನೆಯ ಅಡುಗೆಮನೆಯಿಂದಲೇ ಆರಂಭಿಸೋಣ. ಇಂಗಿನ ಡಬ್ಬಿ ಮುಗಿದು ಆರು ತಿಂಗಳಾದರೂ ಮುಚ್ಚಳ ತೆಗೆದರೆ ಇಂಗಿನ ವಾಸನೆ ಮೂಗಿಗೆ ಅಡರುತ್ತದೆ. ಆ ಡಬ್ಬಿಯಲ್ಲಿ ಯಾವ ಗೃಹಿಣಿಯೂ ಏಲಕ್ಕಿ ತುಂಬಿಡುವುದಿಲ್ಲ. ಉಪ್ಪಿನಕಾಯಿ ಭರಣಿಯನ್ನು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಆಮೇಲೆಯೇ ಇನ್ನೊಂದಕ್ಕೆ ಬಳಸುವ ಶಿಸ್ತು ನಮ್ಮ ಅಜ್ಜಿಯಂದಿರಿಗೆ ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ಇಂಗಿಗೂ ಉಪ್ಪಿನಕಾಯಿಗೂ ಕೊಡುವ ಗೌರವವನ್ನು ಗಂಧಕಾಮ್ಲಕ್ಕೂ ಪಾದರಸದ ಲವಣಕ್ಕೂ ನಾವು ಕೊಡುತ್ತಿಲ್ಲವೆಂಬುದೇ ನನ್ನ ಆಕ್ಷೇಪಣೆಯ ಸಾರ.

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ನಾವು ವಿದ್ವಾಂಸರ ವಿಷಯದಲ್ಲಿ ಬಳಸುತ್ತೇವೆ. ಪ್ರಯೋಗಶಾಲೆಯಲ್ಲಿ ಅದು ಅಕ್ಷರಶಃ ನಿಜ. ಡೈಈಥೈಲ್ ಈಥರ್ ಎಂಬ ದ್ರವವನ್ನು ನಿಮ್ಮಲ್ಲಿ ಪದವಿ ತರಗತಿಗೆ ಹೋದವರು ಬಲ್ಲಿರಿ. ಗಾಳಿಯಲ್ಲಿ ಅದರ ಆವಿ ಸುಮಾರು ಶೇಕಡಾ 1.9ರಿಂದ 36ರವರೆಗೆ ಬೆರೆತಿದ್ದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ತುಂಬಿದ ಬಾಟಲಿಯೊಳಗೆ ಆವಿ ಬಹಳ, ಗಾಳಿ ಸ್ವಲ್ಪ. ಹೊತ್ತಿಕೊಳ್ಳುವ ಮಿಶ್ರಣ ಅಲ್ಲಿ ಆಗುವುದು ಕಷ್ಟ. ‘ಖಾಲಿ’ ಬಾಟಲಿಯಲ್ಲಿ ಬೇಕಾದಷ್ಟು ಗಾಳಿಯಿದೆ. ಎರಡೂವರೆ ಲೀಟರಿನ ಬಾಟಲಿಯೊಳಗೆ ಶೇಕಡಾ 1.9 ಆವಿಯಾಗಲು ಎಷ್ಟು ಈಥರ್ ಬೇಕು? ಲೆಕ್ಕ ಹಾಕಿ ನೋಡಿ: 47.5 ಮಿಲಿಲೀಟರ್ ಆವಿ, ಅಂದರೆ ಸುಮಾರು 0.14 ಗ್ರಾಂ, ಅಂದರೆ ದ್ರವರೂಪದಲ್ಲಿ 0.2 ಮಿಲಿಲೀಟರ್. ನಾಲ್ಕೇ ನಾಲ್ಕು ಹನಿ! ಬಗ್ಗಿಸಿ ಸುರಿದ ಯಾವ ಬಾಟಲಿಯ ಗೋಡೆಗೂ ಅದಕ್ಕಿಂತ ಹೆಚ್ಚೇ ಅಂಟಿಕೊಂಡಿರುತ್ತದೆ. ಆ ಆವಿ ಗಾಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರವಾದದ್ದರಿಂದ ಮೇಲೇರಿ ಚದುರಿಹೋಗದೆ, ಬಾಟಲಿಯ ತಳದಲ್ಲೋ ಕೋಣೆಯ ನೆಲದ ಮೇಲೋ ಕಾದು ಕುಳಿತಿರುತ್ತದೆ. ಪೆಟ್ರೋಲಿನ ಖಾಲಿ ಪೀಪಾಯಿಯನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಲು ಹೋದವನಿಗೆ ಆಗುವ ಅನಾಹುತದ ಗುಟ್ಟೂ ಇದೇ. ಪೆಟ್ರೋಲಿಗೆ ಹೆದರುವವನು ಪೆಟ್ರೋಲಿನ ಡಬ್ಬಿಗೆ ಹೆದರುವುದಿಲ್ಲ. ಅವನ ಲೆಕ್ಕ ತಲೆಕೆಳಗಾಗಿದೆ.

ಇದು ಬೆಂಕಿಯ ಮಾತಾಯಿತು. ವಿಷದ ಮಾತು ಇದಕ್ಕಿಂತ ಕಹಿಯಾದದ್ದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಧರ್ಮಸತಿ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವಿದ್ದುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಪತ್ತೆಯಾಯಿತು. ಹಿಂದೆ ಕೀಟನಾಶಕ ತುಂಬಿದ್ದ ಡಬ್ಬಿಯಲ್ಲಿ ಎಣ್ಣೆಯನ್ನು ಇಟ್ಟಿದ್ದೇ ಇದಕ್ಕೆ ಕಾರಣವಿರಬೇಕೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ನ್ಯಾಯಾಲಯ ಸೆರೆವಾಸ ವಿಧಿಸಿತು. ಅದು ನ್ಯಾಯದ ಕೆಲಸ. ಅದನ್ನು ಕುರಿತು ನಾನೇನೂ ಹೇಳಲಾರೆ. ನನ್ನ ಪ್ರಶ್ನೆ ಬೇರೆ. ಒಂದು ವಿಷದ ಡಬ್ಬಿ ಅಡುಗೆಯವರ ಕೈಗೆ ಬರುವ ಮೊದಲು ಎಷ್ಟು ಕೈಗಳನ್ನು ದಾಟಿರಬಹುದು? ಆ ಕೈಗಳಲ್ಲಿ ಒಂದಾದರೂ ಅದನ್ನು ಮೂರು ಸಲ ತೊಳೆದು, ತಳಕ್ಕೆ ಒಂದು ತೂತು ಹೊಡೆದಿದ್ದರೆ? ಒಂದು ಮೊಳೆ, ಒಂದು ಸುತ್ತಿಗೆ, ಒಂದು ನಿಮಿಷ. ಇಷ್ಟೇ ಬೇಕಾಗಿದ್ದದ್ದು.

ಹಾಗೆ ಮಾಡಬೇಕೆಂಬ ಕಾನೂನು ನಮ್ಮಲ್ಲಿ ಇರಲಿಲ್ಲವೆಂದು ತಿಳಿಯಬೇಡಿ. 1971ರ ಕೀಟನಾಶಕ ನಿಯಮಗಳಲ್ಲಿಯೇ ಬಳಸಿ ಮುಗಿದ ಡಬ್ಬಿಗಳನ್ನು ಮರುಬಳಕೆಗೆ ಸಿಕ್ಕುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು ಬರೆದಿತ್ತು. ನಮ್ಮಲ್ಲಿ ಕೊರತೆಯಾದದ್ದು ಕಾನೂನಿಗಲ್ಲ, ಮೊಳೆ ಸುತ್ತಿಗೆ ಹಿಡಿಯುವ ಕೈಗೆ.

ಇನ್ನೊಂದು ಉದಾಹರಣೆ ನೇರವಾಗಿ ಪ್ರಯೋಗಶಾಲೆಗೇ ಸೇರಿದ್ದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಗಾಮಾ ವಿಕಿರಣದ ಒಂದು ಉಪಕರಣ ವರ್ಷಾನುಗಟ್ಟಲೆ ಉಪಯೋಗವಿಲ್ಲದೆ ಕುಳಿತಿತ್ತು. 2010ರ ಫೆಬ್ರವರಿಯಲ್ಲಿ ಅದನ್ನು ಹಳೆಯ ಸಾಮಾನುಗಳ ಜೊತೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹೋಯಿತು. ಅಲ್ಲಿನ ಕೆಲಸಗಾರರು ತಮಗೆ ಗೊತ್ತಿದ್ದ ರೀತಿಯಲ್ಲಿ ಅದನ್ನು ಬಿಚ್ಚಿದರು. ಏಪ್ರಿಲ್ ತಿಂಗಳಲ್ಲಿ ಒಬ್ಬ ಸತ್ತ; ಹಲವರು ವಿಕಿರಣದಿಂದ ಸುಟ್ಟು ಆಸ್ಪತ್ರೆ ಸೇರಿದರು. ದೇಶದ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ, ವಿದ್ವಾಂಸರು ತುಂಬಿದ್ದ ವಿಭಾಗದಲ್ಲಿ ನಡೆದದ್ದು ಇದು. ‘ಉಪಯೋಗವಿಲ್ಲ’ ಎಂಬ ಮಾತನ್ನು ‘ಅಪಾಯವಿಲ್ಲ’ ಎಂದು ಓದಿಕೊಂಡ ಪರಿಣಾಮ. ವಿದ್ಯೆಯ ಕೊರತೆಯಿಂದ ಇಂಥವು ನಡೆಯುತ್ತವೆಂಬ ಸಮಾಧಾನವನ್ನು ಮಾಯಾಪುರಿ ನಮ್ಮಿಂದ ಕಿತ್ತುಕೊಂಡಿತು.

ನಮ್ಮ ಶಾಲೆಗಳಲ್ಲಿ ಕೋಬಾಲ್ಟ್-60 ಇಲ್ಲ, ನಿಜ. ಆದರೆ ಏನಿದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಲವಣ ವಿಶ್ಲೇಷಣೆಯ ಬೆಂಚಿನ ಮೇಲೆ ಸಾಲಾಗಿ ಇರುತ್ತಿದ್ದ ಬಾಟಲಿಗಳನ್ನು ಕಣ್ಣಮುಂದೆ ತಂದುಕೊಳ್ಳಿ: ಲೆಡ್ ಅಸಿಟೇಟ್, ಬೇರಿಯಂ ಕ್ಲೋರೈಡ್, ಸಿಲ್ವರ್ ನೈಟ್ರೇಟ್, ಪೊಟ್ಯಾಸಿಯಂ ಡೈಕ್ರೋಮೇಟ್. ಅಮೋನಿಯಾ ಪತ್ತೆಗೆ ಬಳಸುತ್ತಿದ್ದ ನೆಸ್ಲರ್ ಕಾರಕದಲ್ಲಿ ಪಾದರಸವಿದೆ. ಕಂದುಬಣ್ಣದ ದಪ್ಪ ಬಾಟಲಿಗಳಲ್ಲಿ ಮೂರು ಆಮ್ಲಗಳು. ಸೀಮೆಎಣ್ಣೆಯಲ್ಲಿ ಮುಳುಗಿ ಕುಳಿತ ಸೋಡಿಯಂ. ಕೆಲವು ಕಡೆ ಬ್ರೋಮಿನ್, ಫೀನಾಲ್. ಇವುಗಳ ಹೆಸರು, ಸೂತ್ರ, ಗುಣಧರ್ಮಗಳನ್ನೆಲ್ಲ ನಾವು ಬಾಯಿಪಾಠ ಮಾಡಿಸುತ್ತೇವೆ. ಬಾಟಲಿ ತುಂಬಿದ್ದಾಗ ಅದಕ್ಕೆ ಬೀಗದ ಕಪಾಟು, ದಾಸ್ತಾನು ಪುಸ್ತಕ, ವರ್ಷಾಂತ್ಯದ ಪರಿಶೀಲನೆ ಎಲ್ಲವೂ ಉಂಟು. ಕೊನೆಯ ಹನಿ ಮುಗಿದ ಕ್ಷಣ ಅದು ದಾಸ್ತಾನು ಪುಸ್ತಕದಿಂದ ಅಳಿಸಿಹೋಗಿ ಯಾರಿಗೂ ಸೇರದ ವಸ್ತುವಾಗುತ್ತದೆ. ಹುಟ್ಟಿಗೆ ಜಾತಕವಿದೆ, ಸಾವಿಗೆ ದಾಖಲೆಯಿಲ್ಲ.

ಈ ಅನಾಥ ಬಾಟಲಿಗಳ ದಾರಿಯನ್ನು ನಾನು ಕಂಡಿದ್ದೇನೆ. ನಾನು ಕೆಲಸಮಾಡಿದ ಶಾಲೆಗಳಲ್ಲೊಂದರಲ್ಲಿ, ಹೆಸರು ಬೇಡ, ಒಮ್ಮೆ ಗುಜರಿಯವನ ಜೊತೆ ಬಂದಿದ್ದ ಹನ್ನೆರಡು ಹದಿಮೂರು ವಯಸ್ಸಿನ ಹುಡುಗ ಬಾಟಲಿಗಳನ್ನು ಗೋಣಿಚೀಲಕ್ಕೆ ತುಂಬಿ ಬೆನ್ನಮೇಲೆ ಹೊತ್ತುಕೊಂಡು ನಡೆದ. ಸಡಿಲವಾಗಿದ್ದ ಒಂದು ಮುಚ್ಚಳದಿಂದ ಸೋರಿದ ಗಂಧಕಾಮ್ಲ ಗೋಣಿಯನ್ನೂ ಅಂಗಿಯನ್ನೂ ದಾಟಿ ಅವನ ಬೆನ್ನಿಗೆ ಇಳಿಯಿತು. ನಲ್ಲಿಯ ಕೆಳಗೆ ಕೂರಿಸಿ ನೀರು ಬಿಟ್ಟೆವು, ಆಸ್ಪತ್ರೆಗೆ ಕಳುಹಿಸಿದೆವು. ಮರುದಿನ ಸಿಬ್ಬಂದಿ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದಾಗ ಸಿಕ್ಕಿದ ಉತ್ತರ, ‘ಮಾರಿದ ಮೇಲೆ ಸರಕು ನಮ್ಮದಲ್ಲ’ ಎಂಬುದು. ಶಾಲೆಯ ಹುಡುಗನೊಬ್ಬನಿಗೆ ಹೀಗಾಗಿದ್ದರೆ ತನಿಖೆಯಾಗುತ್ತಿತ್ತು. ಇವನು ಶಾಲೆಯ ಹುಡುಗನಲ್ಲ; ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಓದಬೇಕಾದ ವಯಸ್ಸಿನಲ್ಲಿ ಓದುವವರ ಬಾಟಲಿ ಹೊರುತ್ತಿದ್ದ ಆ ಹುಡುಗನಿಗೆ ನಮ್ಮ ಶಾಲೆಯಿಂದ ದೊರೆತ ರಸಾಯನಶಾಸ್ತ್ರದ ಪಾಠ ಅದೊಂದೇ.

ಇಷ್ಟನ್ನು ಹೇಳಿದ ಮೇಲೆ, ಎದುರು ಪಕ್ಷದ ವಾದಗಳನ್ನು ಒಂದೊಂದಾಗಿ ನೋಡುವುದು ನ್ಯಾಯ. ಅವುಗಳನ್ನು ನಾನು ಮೂವತ್ತು ವರ್ಷಗಳ ಕಾಲ ಕೇಳಿದ್ದೇನೆ.

ಮೊದಲ ವಾದ: ‘ಉಳಿದಿರುವುದು ಎಷ್ಟು? ಒಂದೆರಡು ಚಮಚ. ಅದರಿಂದೇನಾದೀತು?’ ಈಥರಿನ ಲೆಕ್ಕವನ್ನು ಮೇಲೆಯೇ ಕೊಟ್ಟಿದ್ದೇನೆ. ‘ಖಾಲಿ’ ಎಂಬುದು ಶೂನ್ಯವಲ್ಲ ಎಂಬುದನ್ನು ಕಾನೂನು ಕೂಡ ಒಪ್ಪಿಕೊಂಡಿದೆ. ಅಮೆರಿಕದ ಪರಿಸರ ನಿಯಮಗಳಲ್ಲಿ ಸಾಮಾನ್ಯ ಅಪಾಯಕಾರಿ ವಸ್ತುವಿನ ಡ್ರಮ್ಮನ್ನು ಚೆನ್ನಾಗಿ ಬಗ್ಗಿಸಿದ ಮೇಲೂ ತೂಕದಲ್ಲಿ ಶೇಕಡಾ 3ರವರೆಗೆ ಉಳಿದಿದ್ದರೆ ಅದನ್ನು ಖಾಲಿ ಎಂದೇ ಎಣಿಸುತ್ತಾರೆ. ನೀರಿನಷ್ಟೇ ಸಾಂದ್ರತೆಯ ದ್ರವವಾದರೆ 200 ಲೀಟರಿನ ಡ್ರಮ್ಮಿನಲ್ಲಿ ಇದು 6 ಲೀಟರ್! ಆದರೆ ತೀವ್ರ ವಿಷಗಳ ವಿಷಯಕ್ಕೆ ಬಂದಾಗ ಅದೇ ನಿಯಮ ಈ ರಿಯಾಯಿತಿಯನ್ನು ಹಿಂತೆಗೆದುಕೊಂಡು, ಮೂರು ಸಲ ತೊಳೆದ ಹೊರತು ಖಾಲಿಯಲ್ಲ ಎನ್ನುತ್ತದೆ. ಬೆಂಗಳೂರಿನ ರಸ್ತೆಬದಿಗಳಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ನೀಲಿ ಡ್ರಮ್ಮುಗಳನ್ನು ನೀವೆಲ್ಲ ನೋಡಿದ್ದೀರಿ. ಬೇಸಿಗೆಯಲ್ಲಿ ನೀರು ಹಿಡಿದಿಡಲು ಎಷ್ಟು ಮನೆಗಳವರು ಅದನ್ನು ಕೊಂಡೊಯ್ಯುತ್ತಾರೆ! ಅದರಲ್ಲಿ ಮೊದಲು ಏನು ತುಂಬಿತ್ತೆಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಪ್ಲಾಸ್ಟಿಕ್ಕಿನ ಒಂದು ಗುಣವನ್ನು ಇಲ್ಲಿ ಮರೆಯಬಾರದು. ಗಾಜು ತನ್ನ ಮೇಲ್ಮೈಯಲ್ಲಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಎಷ್ಟೋ ದ್ರಾವಕಗಳನ್ನು ತನ್ನ ಮೈಯೊಳಕ್ಕೇ ಹೀರಿಕೊಂಡು, ಆಮೇಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಇಂಗಿನ ಡಬ್ಬಿಯ ಸ್ವಭಾವ ಅದು.

ಎರಡನೆಯ ವಾದ: ‘ತೊಳೆಯುತ್ತೇವಲ್ಲ, ಒಮ್ಮೆ ನೀರು ತುಂಬಿ ಚೆಲ್ಲುತ್ತೇವಲ್ಲ!’ ಇಲ್ಲಿಯೂ ಲೆಕ್ಕವೇ ಉತ್ತರ ಹೇಳಲಿ. ಬಾಟಲಿಯಲ್ಲಿ 5 ಮಿಲಿಲೀಟರ್ ಉಳಿದಿದೆ ಎನ್ನೋಣ. ಪ್ರತಿ ಸಲ ಬಗ್ಗಿಸಿದಾಗಲೂ 5 ಮಿಲಿಲೀಟರ್ ದ್ರವ ಗೋಡೆಗೆ ಅಂಟಿ ಉಳಿಯುತ್ತದೆ ಎಂದೂ ಭಾವಿಸೋಣ. ನಿಮ್ಮ ಬಳಿ 750 ಮಿಲಿಲೀಟರ್ ನೀರಿದೆ. ಅಷ್ಟನ್ನೂ ಒಮ್ಮೆಲೇ ಹಾಕಿ ಕುಲುಕಿ ಚೆಲ್ಲಿದರೆ, ರಾಸಾಯನಿಕ ಮೊದಲಿನ 151ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ನೀರನ್ನು 250ರಂತೆ ಮೂರು ಸಲ ಹಾಕಿದರೆ? ಪ್ರತಿಸಲವೂ 51ರಲ್ಲಿ ಒಂದು ಭಾಗ. ಮೂರು ಸಲಕ್ಕೆ 51 ಗುಣಿಸು 51 ಗುಣಿಸು 51, ಅಂದರೆ 1,32,651ರಲ್ಲಿ ಒಂದು ಭಾಗ. ನೀರು ಅಷ್ಟೇ, ಶ್ರಮ ಎರಡು ನಿಮಿಷ ಹೆಚ್ಚು, ಫಲ ಮಾತ್ರ ಸುಮಾರು 880 ಪಟ್ಟು ಮೇಲು. ಅನುಮಾಪನದಲ್ಲಿ ಒಂದು ಹನಿಗಾಗಿ ಕಣ್ಣು ಕಿರಿದು ಮಾಡಿ ಬ್ಯೂರೆಟ್ ಓದಿದವರು ನೀವು. ಒಂದು ಹನಿಯ ಬೆಲೆಯನ್ನು ನಿಮಗೆ ಬೇರೆಯಾಗಿ ಹೇಳಬೇಕೆ?

ಆದರೆ ತೊಳೆಯುವುದೆಂದರೆ ಎಲ್ಲವನ್ನೂ ಒಂದೇ ನಲ್ಲಿಯ ಕೆಳಗೆ ಹಿಡಿಯುವುದಲ್ಲ. ಇಲ್ಲಿ ವಿವೇಚನೆ ಬೇಕು. ಉಪ್ಪು, ಸಕ್ಕರೆ, ಅಡುಗೆ ಸೋಡ ಇಂಥವುಗಳ ಬಾಟಲಿಯನ್ನು ಸಿಂಕಿನಲ್ಲಿ ತೊಳೆದರೆ ಯಾವ ಬಾಧಕವೂ ಇಲ್ಲ. ಗಾಢ ಆಮ್ಲದ ಬಾಟಲಿಯನ್ನು ಕೈಗವಸು, ಕನ್ನಡಕ ಧರಿಸಿ, ಮೊದಲು ದೊಡ್ಡ ಬಾನಿಯ ತಣ್ಣೀರಿಗೆ ಬಗ್ಗಿಸಿ ಕೊನೆಯ ಹನಿಯನ್ನೂ ಇಳಿಸಬೇಕು. ಆಮೇಲೆ ಧಾರಾಳವಾಗಿ ತಣ್ಣೀರು ಹಾಕಿ ತೊಳೆಯಬೇಕು. ಚಮಚದಷ್ಟು ನೀರು ಚಿಮುಕಿಸಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಬಾನಿಯ ಹುಳಿನೀರನ್ನು ಸೋಡದಿಂದ ತಟಸ್ಥಗೊಳಿಸಿದ ಮೇಲೆಯೇ ಚೆಲ್ಲಬೇಕು. ಡೈಕ್ರೋಮೇಟಿನ ತೊಳೆನೀರು ಸಿಂಕಿಗೆ ಹೋಗಕೂಡದು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆಮ್ಲ ಬೆರೆಸಿ ಫೆರಸ್ ಸಲ್ಫೇಟ್ ಹಾಕಿದರೆ ಕಿತ್ತಳೆಬಣ್ಣ ಹೋಗಿ ಹಸಿರಾಗುತ್ತದೆ, ಅಂದರೆ ಅಷ್ಟಾಗಿ ಅಪಾಯವಿಲ್ಲದ ಮೂರು ವೇಲೆನ್ಸಿಗೆ ಇಳಿಯುತ್ತದೆ. ಪರೀಕ್ಷೆಗೆಂದು ಕಲಿತ ಈ ಕ್ರಿಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ? ಸೀಸ, ಪಾದರಸ, ಬೇರಿಯಂ ಲವಣಗಳ ತೊಳೆನೀರನ್ನು ಗುರುತುಚೀಟಿ ಅಂಟಿಸಿದ ಪ್ರತ್ಯೇಕ ಕ್ಯಾನಿನಲ್ಲಿ ಕೂಡಿಡಬೇಕು. ಬ್ರೋಮಿನ್ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ. ಸೋಡಿಯಂ ಇದ್ದ ಡಬ್ಬಿಗೆ ನೀರನ್ನು ತೋರಿಸಲೇಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನಿಧಾನವಾಗಿ ಕೊನೆಗಾಣಿಸಬೇಕು, ಹತ್ತಿರದಲ್ಲಿ ಬೆಂಕಿ ಇರಕೂಡದು. ಒಳಗೇನಿತ್ತೆಂದು ಗೊತ್ತಿಲ್ಲದ ಹಳೆಯ ಬಾಟಲಿಯನ್ನು, ಅದರಲ್ಲೂ ಮುಚ್ಚಳದ ಸುತ್ತ ಹರಳುಗಟ್ಟಿದ್ದನ್ನು, ಯಾರೂ ತಿರುಗಿಸಿ ತೆರೆಯಕೂಡದು. ಹಳೆಯ ಈಥರಿನಲ್ಲಿ ಪೆರಾಕ್ಸೈಡುಗಳೂ ಒಣಗಿದ ಪಿಕ್ರಿಕ್ ಆಮ್ಲದ ಹರಳುಗಳೂ ಉಜ್ಜಾಟಕ್ಕೇ ಸಿಡಿಯಬಲ್ಲವು. ಅಂಥದ್ದನ್ನು ಮುಟ್ಟದೆ ತಿಳಿದವರನ್ನು ಕರೆಸಬೇಕು.

ತೊಳೆದ ಮೇಲೆ ಮುಚ್ಚಳ ಬಿಚ್ಚಿ ಒಣಗಿಸಬೇಕು. ಹಳೆಯ ಗುರುತುಚೀಟಿಯನ್ನು ಕಿತ್ತು ಅಥವಾ ಕಪ್ಪು ಬಣ್ಣ ಬಳಿದು ‘ತೊಳೆದಿದೆ’ ಎಂದು ಬರೆಯಬೇಕು. ತೊಳೆಯದ ಬಾಟಲಿಯ ಚೀಟಿಯನ್ನು ಮಾತ್ರ ಎಂದಿಗೂ ಕೀಳಬಾರದು. ಪ್ಲಾಸ್ಟಿಕ್ ಕ್ಯಾನಾದರೆ ತೂತು ಹೊಡೆಯಬೇಕು. ಒಡೆದ ಬೀಕರುಗಳನ್ನು ಬಾಟಲಿ ಗಾಜಿನ ಜೊತೆ ಸೇರಿಸಬಾರದು. ಬೋರೋಸಿಲಿಕೇಟ್ ಗಾಜು ಕರಗುವ ಉಷ್ಣತೆ ಬೇರೆ, ಅದು ಕುಲುಮೆಯಲ್ಲಿ ಉಳಿದ ಗಾಜನ್ನೂ ಕೆಡಿಸುತ್ತದೆ. ಒಂದು ರಾಸಾಯನಿಕದ ಖಾಲಿ ಬಾಟಲಿಯಲ್ಲಿ ಇನ್ನೊಂದರ ತ್ಯಾಜ್ಯವನ್ನು ತುಂಬುವ ಮೊದಲು ನೂರು ಸಲ ಯೋಚಿಸಬೇಕು. ನೈಟ್ರಿಕ್ ಆಮ್ಲದ ಬಾಟಲಿಗೆ ಆಲ್ಕೊಹಾಲೋ ಅಸಿಟೋನೋ ಸುರಿದು ಮುಚ್ಚಳ ಬಿಗಿದರೆ ಒಳಗೆ ಅನಿಲ ಹುಟ್ಟಿ ಬಾಟಲಿ ಸಿಡಿಯುತ್ತದೆ.

ಮೂರನೆಯ ವಾದ: ‘ಇದೆಲ್ಲ ಕಾರ್ಖಾನೆಗಳ ಮಾತು, ಬಡ ಶಾಲೆಗಳಿಗೆ ಇದೆಲ್ಲ ಎಲ್ಲಿ ಸಾಧ್ಯ?’ ಬಡತನದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸೀಮೆಸುಣ್ಣಕ್ಕೂ ಪರದಾಡಿದ ಶಾಲೆಗಳಲ್ಲಿ ನಾನು ಪಾಠ ಮಾಡಿದ್ದೇನೆ. ಆದರೆ ಮೂರು ಸಲ ತೊಳೆಯಲು ಅನುದಾನ ಬೇಕಿಲ್ಲ. ಮೊಳೆಗೆ ಟೆಂಡರು ಕರೆಯಬೇಕಿಲ್ಲ. ಹಣ ಬೇಕಾಗುವುದು ಕೂಡಿಟ್ಟ ತ್ಯಾಜ್ಯವನ್ನು ಸಾಗಿಸುವುದಕ್ಕೆ. ಅದು ಸರ್ಕಾರದ ಹೊಣೆ, ಮತ್ತು ಇಲ್ಲಿ ಸರ್ಕಾರದ ಮೇಲೆಯೂ ನನ್ನ ಆಕ್ಷೇಪಣೆಯಿದೆ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ, ಅಪಾಯಕಾರಿ ರಾಸಾಯನಿಕಗಳಿಂದ ಮಲಿನವಾದ ಖಾಲಿ ಪೀಪಾಯಿ ಮತ್ತು ಧಾರಕಗಳನ್ನೇ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದ್ದಾರೆ. ಗಮನಿಸಿ, ಒಳಗಿನ ವಸ್ತುವನ್ನಲ್ಲ, ಡಬ್ಬಿಯನ್ನೇ! ಅಂಥದ್ದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಪರವಾನಗಿ ಪಡೆದವರಿಗೇ ಒಪ್ಪಿಸಬೇಕು ಎಂದೂ ಹೇಳಿದ್ದಾರೆ. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯ ಬಳಿ ಇಂಥ ತ್ಯಾಜ್ಯಕ್ಕಾಗಿಯೇ ಒಂದು ಕೇಂದ್ರವನ್ನು ಕಟ್ಟಿದ್ದಾರೆ. ಮನೆಗಳಿಂದ ಹೊರಬೀಳುವ ಬಣ್ಣದ ಡಬ್ಬಿ, ಕೀಟನಾಶಕದ ಕ್ಯಾನುಗಳನ್ನು ಸಹ ಬೇರೆಯಾಗಿ ಸಂಗ್ರಹಿಸಬೇಕೆಂದು ಅದೇ ವರ್ಷದ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಕಾಗದದ ಮೇಲೆ ಎಲ್ಲವೂ ಇದೆ. ಬೀದರಿನ ಒಂದು ಹಳ್ಳಿಯ ಪ್ರೌಢಶಾಲೆಯಿಂದ ಎರಡು ಕ್ಯಾನು ತೊಳೆನೀರು ದಾಬಸ್‌ಪೇಟೆಗೆ ತಲಪುವ ದಾರಿ ಯಾವುದು? ನಾನು ಸೇವೆಯಲ್ಲಿದ್ದಷ್ಟು ಕಾಲ ಅದನ್ನು ನನಗೆ ಹೇಳಿದವರಿಲ್ಲ. ಪ್ರತಿವರ್ಷ ಪ್ರಯೋಗಶಾಲೆಗೆ ರಾಸಾಯನಿಕ ಕೊಳ್ಳಲು ಹಣ ಬರುತ್ತಿತ್ತು. ಅದರ ಕೊನೆಗಾಣಿಸುವಿಕೆಗೆಂದು ಒಂದು ರೂಪಾಯಿಯೂ ಬಂದದ್ದನ್ನು ನಾನು ಕಾಣೆ. ಮದುವೆಗೆ ಹಣ ಕೊಟ್ಟು, ಎಂಜಲೆಲೆ ಎತ್ತುವುದಕ್ಕೆ ಮುಖ ತಿರುಗಿಸಿದಂತಾಯಿತು.

ಎಂಜಲೆಲೆಯ ಮಾತು ಬಂದಿತಾದ್ದರಿಂದ, ನನ್ನ ಕೋಪದ ಮೂಲವನ್ನು ಇನ್ನು ಮುಚ್ಚಿಡಬಾರದು. ಇದು ಬರೀ ರಸಾಯನಶಾಸ್ತ್ರದ ಪ್ರಶ್ನೆಯಲ್ಲ. ನಮ್ಮ ಸಮಾಜದಲ್ಲಿ ಉಣ್ಣುವವನು ಬೇರೆ, ಎಲೆ ಎತ್ತುವವನು ಬೇರೆ. ಪ್ರಯೋಗ ಮಾಡುವವನು ವಿದ್ಯಾರ್ಥಿ, ವಿವರಿಸುವವರು ಮೇಷ್ಟ್ರು, ತೊಳೆಯುವವನು ಅಟೆಂಡರು, ಹೊರುವವನು ಗುಜರಿಯ ಹುಡುಗ, ಕೊನೆಗೆ ಕಸದ ರಾಶಿಯಲ್ಲಿ ಬರಿಗೈಯಿಂದ ಅದನ್ನು ಆಯುವವಳು ಯಾರೋ ತಾಯಿ. ಕೈಯಿಂದ ಕೈಗೆ ಹೋದಂತೆ ತಿಳಿವಳಿಕೆ ಕಡಿಮೆಯಾಗುತ್ತದೆ, ಅಪಾಯ ಹೆಚ್ಚಾಗುತ್ತದೆ. ಬಾಟಲಿಯಲ್ಲಿ ಏನಿದೆಯೆಂದು ಚೆನ್ನಾಗಿ ಬಲ್ಲವನು ಅದನ್ನು ಮುಟ್ಟುವುದಿಲ್ಲ. ಮುಟ್ಟುವವಳಿಗೆ ಅದರ ಮೇಲಿನ ಅಕ್ಷರ ಓದಲು ಬರುವುದಿಲ್ಲ. ಇದನ್ನು ವಿಜ್ಞಾನ ಶಿಕ್ಷಣವೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ನಾಲ್ಕನೆಯ ವಾದ ಪೋಷಕರದು: ‘ನಮ್ಮ ಮಕ್ಕಳನ್ನು ಓದಲು ಕಳುಹಿಸುವುದೋ ಬಾಟಲಿ ತೊಳೆಯಲೋ?’ ಅಪಾಯದ ಬಾಟಲಿಗಳನ್ನು ಮಕ್ಕಳಿಂದ ತೊಳೆಸಿ ಎಂದು ನಾನು ಹೇಳುತ್ತಿಲ್ಲ. ಅದು ತರಬೇತಾದ ದೊಡ್ಡವರ ಕೆಲಸ. ಆದರೆ ತಾನು ಬಳಸಿದ ಪರೀಕ್ಷಾ ನಳಿಕೆಯನ್ನು ತೊಳೆದಿಡುವುದೂ, ತೊಳೆನೀರು ಯಾವ ಕ್ಯಾನಿಗೆ ಹೋಗಬೇಕೆಂದು ತಿಳಿಯುವುದೂ ಓದಿನ ಭಾಗವೇ. ಪಿ.ಯು.ಸಿ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಲ್ಲಿ ಅನುಮಾಪನದ ಓದುಗಳಿಗೆ ಅಂಕವಿದೆ, ಲವಣ ವಿಶ್ಲೇಷಣೆಗೆ ಅಂಕವಿದೆ. ಪ್ರಯೋಗ ಮುಗಿದ ಮೇಲೆ ಬೆಂಚನ್ನು ಹೇಗೆ ಬಿಟ್ಟುಹೋದೆ ಎಂಬುದಕ್ಕೆ ಎರಡೇ ಎರಡು ಅಂಕ ಇಟ್ಟು ನೋಡಿ! ನಮ್ಮ ಮಕ್ಕಳು ಅಂಕಕ್ಕಾಗಿ ಏನನ್ನಾದರೂ ಕಲಿಯುತ್ತಾರೆಂಬುದು ಮೇಷ್ಟ್ರಾದವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಸ್ಥಾನದಲ್ಲಿದ್ದೀರಿ. ಅದಕ್ಕೆ ತಕ್ಕಂತೆ ಕೇಳುತ್ತೇನೆ. ಮುಖ್ಯೋಪಾಧ್ಯಾಯರೂ ಉಪನ್ಯಾಸಕರೂ ಆಗಿರುವವರು ದಾಸ್ತಾನು ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಿ: ಬಾಟಲಿ ಮುಗಿದ ದಿನಾಂಕ, ತೊಳೆದವರು, ಹೋದ ಸ್ಥಳ. ಬೇಕಾದಷ್ಟನ್ನೇ ತರಿಸಿ. ನೂರು ಗ್ರಾಂ ಸಾಲುವ ಕಡೆ ಅಗ್ಗವೆಂದು ಅರ್ಧ ಕಿಲೋ ಕೊಂಡರೆ, ಉಳಿದ ನಾಲ್ಕುನೂರು ಗ್ರಾಂ ಮುಂದಿನ ತಲೆಮಾರಿಗೆ ಬಿಟ್ಟ ಸಾಲ. ಅಟೆಂಡರಿಗೆ ಕೈಗವಸು ಮತ್ತು ಕನ್ನಡಕ ಕೊಡಿಸಿ. ಅದಕ್ಕಿಂತ ಮೊದಲು, ಯಾವ ಬಾಟಲಿಯಲ್ಲಿ ಏನಿದೆಯೆಂದು ಕನ್ನಡದಲ್ಲಿ ಬರೆದು ಅಂಟಿಸಿ. ರಾಸಾಯನಿಕಗಳ ವ್ಯಾಪಾರದಲ್ಲಿರುವವರು, ತುಂಬಿದ ಬಾಟಲಿ ತಂದುಕೊಡುವ ಗಾಡಿಯಲ್ಲಿಯೇ ತೊಳೆದ ಬಾಟಲಿಯನ್ನು ಹಿಂದಕ್ಕೆ ಒಯ್ಯುವ ಏರ್ಪಾಡು ಮಾಡಿ. ಹಿಂದಿನ ಕಾಲದಲ್ಲಿ ಸೋಡಾ ಬಾಟಲಿ ವಾಪಸು ಬರುತ್ತಿರಲಿಲ್ಲವೇ? ಸರ್ಕಾರಿ ಕಚೇರಿಗಳಲ್ಲಿರುವವರು, ತಾಲ್ಲೂಕಿಗೊಂದು ಪದವಿ ಕಾಲೇಜನ್ನು ಸಂಗ್ರಹ ಕೇಂದ್ರವಾಗಿ ಗೊತ್ತುಮಾಡಿ, ಅಲ್ಲಿಂದ ವರ್ಷಕ್ಕೆ ನಾಲ್ಕು ಸಲ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿಯುಳ್ಳ ಒಂದು ವಾಹನ ಹೋಗುವಂತೆ ಕಡತವೊಂದನ್ನು ಮಂಡಿಸಿ. 90 ದಿನಗಳ ನಿಯಮಕ್ಕೂ ಅದು ಹೊಂದುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು, ಮುಂದಿನ ಗುಜರಿ ಹರಾಜಿನ ಪಟ್ಟಿಗೆ ಸಹಿ ಹಾಕುವ ಮೊದಲು ಎದ್ದುಹೋಗಿ ಆ ರಾಶಿಯನ್ನು ಕಣ್ಣಾರೆ ನೋಡಿ. ಇನ್ನು ಮನೆಯಲ್ಲಿರುವ ನನ್ನ ಬಂಧುಗಳೇ, ಶೌಚಾಲಯ ತೊಳೆಯುವ ಆಸಿಡ್ಡನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿ ಮಾರುವವನಿಂದ ಕೊಳ್ಳಬೇಡಿ, ನೀವೂ ಹಾಗೆ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವೇ ಗುರುತುಚೀಟಿ.

ನನ್ನ ತರಗತಿಗಳಲ್ಲಿ ದ್ರವ್ಯರಾಶಿಯ ಸಂರಕ್ಷಣೆಯ ನಿಯಮವನ್ನು ನೀವೆಲ್ಲ ಬರೆದು ಪಾಸಾದಿರಿ. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯ ಸೃಷ್ಟಿಯಾಗುವುದೂ ಇಲ್ಲ, ನಾಶವಾಗುವುದೂ ಇಲ್ಲ. ಆ ವಾಕ್ಯಕ್ಕೆ ಎರಡು ಅಂಕ ಕೊಟ್ಟು ಮುಂದೆ ಹೋದೆವು. ಅದು ಪ್ರಯೋಗಶಾಲೆಯ ಬಾಗಿಲ ಹೊರಗೂ ಅನ್ವಯಿಸುತ್ತದೆ. ನಾವು ಎಸೆದದ್ದು ನಾಶವಾಗುವುದಿಲ್ಲ. ಯಾರದೋ ಬಾವಿಗೆ, ಯಾರದೋ ಬೆನ್ನಿಗೆ, ಯಾರದೋ ಎಣ್ಣೆ ಡಬ್ಬಿಗೆ ಹೋಗಿ ಸೇರುತ್ತದೆ. ಆದ್ದರಿಂದ ‘ಖಾಲಿ’ ಎಂಬ ಪದವನ್ನು ನಿಮ್ಮ ಪ್ರಯೋಗಶಾಲೆಯಿಂದ ಇಂದೇ ಹೊರಹಾಕಿ. ಯಾರಾದರೂ ‘ಬಾಟಲಿ ಖಾಲಿ’ ಎಂದರೆ, ‘ಎಷ್ಟು ಸಲ ತೊಳೆದಿರಿ?’ ಎಂದು ಕೇಳಿ. ಮೂರು ಎಂಬ ಉತ್ತರ ಬರುವ ತನಕ ಕೇಳುತ್ತಲೇ ಇರಿ.